ಅಣ್ಣನಿಗೆ ಬಂದ ಕಾಯಿಲೆ ನನಗೂ ಬರುತ್ತದೆಯೇ?



ಮನಸ್ಸಿನ ಕಾಯಿಲೆಗಳನ್ನು ಕುರಿತ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಒಂದು ಹಾವೇರಿ ಜಿಲ್ಲೆಯ ಹೊಸರಿತ್ತಿಯದು. ಬರೆದವನು ಪಿ.ಯು.ಸಿ. ಎರಡನೆಯ ವರ್ಷದ ವಿಜ್ಞಾನ ವಿದ್ಯಾರ್ಥಿ. ಹೆಸರು ಹೇಳಬಾರದೆಂದು ಕೇಳಿಕೊಂಡಿದ್ದಾನೆ, ಹೇಳುವುದಿಲ್ಲ. ಅವನ ಅಣ್ಣ ಒಮ್ಮೆ ಹತ್ತು ದಿನ ನಿದ್ದೆಯನ್ನೇ ಮಾಡಲಿಲ್ಲವಂತೆ. ಆದರೂ ದಣಿವಿಲ್ಲ. ಊರಿನವರನ್ನೆಲ್ಲ ನಿಲ್ಲಿಸಿ ಮಾತು, ಸಾಲ ಮಾಡಿ ಟ್ರ್ಯಾಕ್ಟರಿಗೆ ಮುಂಗಡ, ತಡೆದವರ ಮೇಲೆ ಸಿಟ್ಟು. ಕೆಲವು ತಿಂಗಳ ನಂತರ ಅದೇ ಅಣ್ಣ ಕೋಣೆಯ ಮೂಲೆ ಹಿಡಿದು ಮಲಗಿದ, ಊಟಕ್ಕೂ ಏಳಲಿಲ್ಲ. ಧಾರವಾಡದಲ್ಲಿ ವೈದ್ಯರು ನೋಡಿ ‘ಬೈಪೋಲಾರ್ ಕಾಯಿಲೆ’ ಎಂದರು. ಮನೆಯಲ್ಲಿ ಅಜ್ಜಿ, “ನನ್ನ ತಮ್ಮಗೂ ಹಿಂಗ ಆಗಿತ್ತು, ಇದು ನಮ್ಮ ರಕ್ತದಾಗ ಐತಿ” ಎಂದಳು.

ಪತ್ರದ ಕೊನೆಯ ಸಾಲುಗಳು ನನ್ನನ್ನು ಹೆಚ್ಚು ಕಾಡಿದವು. ‘ನಿಮ್ಮ ಕಾರ್ಯಕ್ರಮದಲ್ಲಿ ಮಿದುಳಿನ ಕೆಂಪು, ನೀಲಿ ಬಣ್ಣದ ಚಿತ್ರ ತೋರಿಸಿದಿರಿ. ಅದನ್ನು ನೋಡಿದ ಅಪ್ಪ, ಈ ಸಲ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ನನಗೂ ತಂಗಿಗೂ ಸ್ಕ್ಯಾನ್ ಮಾಡಿಸುತ್ತೇನೆ ಎನ್ನುತ್ತಿದ್ದಾರೆ. ಮಾಡಿಸಿದರೆ ಗೊತ್ತಾಗುತ್ತದೆಯೇ? ನನಗೂ ಬರುವುದಾದರೆ ನಾನು ಮುಂದೆ ಓದುವುದರಲ್ಲಿ ಅರ್ಥವಿದೆಯೇ?’

ಆ ಚಿತ್ರವನ್ನು ಆರಿಸಿ ಹಾಕಿದವನು ನಾನೇ. ಭಾಷಣಕಾರರು ಮಾತನಾಡುವಾಗ ಪರದೆಯ ಮೇಲೆ ಏನಾದರೂ ಇರಲಿ ಎಂದು ‘ಆರೋಗ್ಯವಂತ ಮಿದುಳು, ರೋಗದ ಮಿದುಳು’ ಎಂಬ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟೆ. ವಿಜ್ಞಾನ ಓದಿದ ನನಗೆ ಅದು ಅರ್ಧಸತ್ಯವೆಂದು ಹೊಳೆಯಬೇಕಿತ್ತು. ಒಂದು ಮನೆಯ ವರ್ಷದ ದುಡಿಮೆ ಆ ಚಿತ್ರದಿಂದಾಗಿ ಖರ್ಚಾಗಬಾರದು. ಆದ್ದರಿಂದ ಈ ಲೇಖನ ಆ ಹುಡುಗನಿಗೆ ಉತ್ತರವೂ ಹೌದು, ನನ್ನ ತಿದ್ದುಪಡಿಯೂ ಹೌದು.

ಎರಡು ತುದಿಗಳ ಕಾಯಿಲೆ

ಬೈಪೋಲಾರ್ ಎಂದರೆ ಎರಡು ಧ್ರುವಗಳುಳ್ಳದ್ದು. ಒಂದು ಧ್ರುವ ಉನ್ಮಾದ, ಇನ್ನೊಂದು ಖಿನ್ನತೆ. ನಮಗೆಲ್ಲ ಬೆಳಿಗ್ಗೆ ಸಂತೋಷ, ಸಂಜೆ ಬೇಸರ ಇರುತ್ತದಲ್ಲ, ಅದಲ್ಲ ಇದು. ಉನ್ಮಾದದ ಸ್ಥಿತಿ ಸಾಮಾನ್ಯವಾಗಿ ಒಂದು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಡದೆ ಇರುತ್ತದೆ. ನಿದ್ದೆ ಬೇಕೆನಿಸುವುದಿಲ್ಲ, ಮಾತು ಓಡುತ್ತದೆ, ಯೋಚನೆ ಅದಕ್ಕಿಂತ ವೇಗವಾಗಿ ಓಡುತ್ತದೆ, ಕೈಮೀರಿ ಖರ್ಚಾಗುತ್ತದೆ. ಖಿನ್ನತೆಯ ಸ್ಥಿತಿ ಎರಡು ವಾರಕ್ಕೂ ಹೆಚ್ಚು ಇರುತ್ತದೆ. ಇವೆರಡರ ನಡುವೆ ವ್ಯಕ್ತಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಲ್ಲರಂತೆ ಇರಬಲ್ಲ. ಓದಬಲ್ಲ, ದುಡಿಯಬಲ್ಲ, ಸಂಸಾರ ನಡೆಸಬಲ್ಲ. ಬಹುಪಾಲು ಜನರಲ್ಲಿ ಇದು ಮೊದಲು ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಹರೆಯದಲ್ಲಿ, ಅಂದರೆ ನಿಮ್ಮ ವಯಸ್ಸಿನ ಆಸುಪಾಸಿನಲ್ಲೇ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಜೀವನದಲ್ಲಿ ಯಾವಾಗಲಾದರೂ ಈ ಕಾಯಿಲೆಗೆ ಒಳಗಾದ ವಯಸ್ಕರು 1,000ಕ್ಕೆ ಸುಮಾರು 5 ಜನ ಎಂದು ಅದರಲ್ಲಿ ಕಂಡುಬಂತು. ಕಾಯಿಲೆ ಇದ್ದವರಲ್ಲಿ 100ಕ್ಕೆ ಸುಮಾರು 70 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಕಾಯಿಲೆಗಿಂತ ಈ ಎರಡನೆಯ ಅಂಕಿ ಹೆಚ್ಚು ದುಃಖದ್ದು.

ಮಿದುಳಿನ ಚಿತ್ರ ಹೇಗೆ ಬರುತ್ತದೆ?

ಎಂ.ಆರ್.ಐ. ಯಂತ್ರ ಒಂದು ದೊಡ್ಡ ಕಾಂತ. ಅದರ ಬಲ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. 3 ಟೆಸ್ಲಾ ಎಂದರೆ ನಮ್ಮ ಭೂಮಿಯ ಕಾಂತಕ್ಷೇತ್ರಕ್ಕಿಂತ 50,000 ಪಟ್ಟಿಗೂ ಹೆಚ್ಚು. ನಮ್ಮ ಮಿದುಳಿನ ಬಹುಭಾಗ ನೀರು. ನೀರಿನ ಪ್ರತಿ ಅಣುವಿನಲ್ಲಿ ಎರಡು ಹೈಡ್ರೋಜನ್ ಪರಮಾಣುಗಳು. ಅವುಗಳ ನ್ಯೂಕ್ಲಿಯಸ್ಸುಗಳು ಪುಟ್ಟ ಕಾಂತಗಳಂತೆ ವರ್ತಿಸುತ್ತವೆ. ಹೊರಗಿನ ದೊಡ್ಡ ಕಾಂತದಲ್ಲಿ ಅವು ಒಂದು ಕ್ರಮಕ್ಕೆ ಬರುತ್ತವೆ. ಆಗ ರೇಡಿಯೋ ತರಂಗದ ಒಂದು ತಟ್ಟು ಕೊಟ್ಟರೆ ಓಲಾಡುತ್ತವೆ. ತಟ್ಟು ನಿಂತೊಡನೆ ಮೊದಲಿನ ಸ್ಥಿತಿಗೆ ಮರಳುತ್ತಾ ಸಣ್ಣ ಸಂಕೇತವನ್ನು ಹೊರಡಿಸುತ್ತವೆ. ಮಿದುಳಿನ ಬೂದು ಭಾಗದಲ್ಲಿ, ಬಿಳಿ ಭಾಗದಲ್ಲಿ, ದ್ರವದಲ್ಲಿ ಹೀಗೆ ಮರಳಲು ಬೇಕಾದ ಕಾಲ ಬೇರೆ ಬೇರೆ. ಆ ವ್ಯತ್ಯಾಸವನ್ನೇ ಗಣಕಯಂತ್ರ ಚಿತ್ರವಾಗಿ ಬರೆಯುತ್ತದೆ. ಇಲ್ಲಿ ಎಕ್ಸ್-ಕಿರಣದ ಬಳಕೆಯಿಲ್ಲ. ಈ ವಿದ್ಯೆಗಾಗಿ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇನ್ನೊಂದು ವಿಧಾನ ಕ್ರಿಯಾತ್ಮಕ ಎಂ.ಆರ್.ಐ. ಮಿದುಳಿನ ಯಾವ ಭಾಗ ಹೆಚ್ಚು ಕೆಲಸ ಮಾಡುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಆಮ್ಲಜನಕ ಇರುವ ರಕ್ತ, ಕಳೆದುಕೊಂಡ ರಕ್ತ ಇವೆರಡರ ಕಾಂತಗುಣ ಬೇರೆ. ಜಪಾನಿನ ಸೇಜಿ ಒಗಾವ 1990ರಲ್ಲಿ ಇದನ್ನೇ ಹಿಡಿದು ಮಿದುಳಿನ ಚಟುವಟಿಕೆಯನ್ನು ಗುರುತಿಸಬಹುದೆಂದು ತೋರಿಸಿದರು.

ಇಲ್ಲಿ ಒಂದು ಮಾತು ನೆನಪಿಡಿ. ಕೆಂಪು, ನೀಲಿ ಬಣ್ಣಗಳು ಮಿದುಳಿನಲ್ಲಿಲ್ಲ. ಅವು ಅಂಕಿಗಳು. ಹೆಚ್ಚಿಗೆ ಒಂದು ಬಣ್ಣ, ಕಡಿಮೆಗೆ ಇನ್ನೊಂದು ಬಣ್ಣ ಎಂದು ಸಂಶೋಧಕರು ಹಾಕಿಕೊಂಡದ್ದು, ನಿಮ್ಮ ಭೂಗೋಳ ಪುಸ್ತಕದ ಮಳೆಯ ನಕ್ಷೆಯಂತೆ. ಅನೇಕ ವೇಳೆ ಅದು ಒಬ್ಬರ ಮಿದುಳೂ ಅಲ್ಲ; ಹಲವು ಜನರ ಮಿದುಳುಗಳ ಸರಾಸರಿ.

ಸರಾಸರಿ ಎಂಬ ಮಾತು

ಬೈಪೋಲಾರ್ ಕಾಯಿಲೆಯಲ್ಲಿ ಮಿದುಳು ಬದಲಾಗಿರುತ್ತದೆಯೇ? ಹೌದು, ಸ್ವಲ್ಪ. ‘ಎನಿಗ್ಮಾ’ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹಲವು ದೇಶಗಳ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕಾಯಿಲೆಯಿದ್ದ 2,447 ವಯಸ್ಕರು, ಕಾಯಿಲೆಯಿಲ್ಲದ 4,056 ಜನ ಇದ್ದರು. ಮಿದುಳಿನ ಹೊರಪದರ ಕೆಲವೇ ಮಿಲಿಮೀಟರ್ ದಪ್ಪ. ಹಣೆಯ ಹಿಂಭಾಗದಲ್ಲಿ ಮತ್ತು ಕಪೋಲದ ಪಕ್ಕದಲ್ಲಿ ಆ ಪದರ ಕಾಯಿಲೆಯಿದ್ದವರಲ್ಲಿ ಸರಾಸರಿ ತುಸು ತೆಳುವಾಗಿತ್ತು. ಲಿಥಿಯಂ ಔಷಧಿ ತೆಗೆದುಕೊಳ್ಳುತ್ತಿದ್ದವರಲ್ಲಿ ತೆಳುವಾಗಿರುವುದು ಕಡಿಮೆ ಕಂಡಿತು.

ಈಗ ಒಂದು ಪ್ರಯೋಗ ಯೋಚಿಸಿ. ರಾಣೆಬೆನ್ನೂರಿನ ಒಂದು ಕಾಲೇಜಿನ ಹುಡುಗರ ಎತ್ತರ ಅಳೆಯಿರಿ, ಹಾವೇರಿಯ ಒಂದು ಕಾಲೇಜಿನವರದನ್ನೂ ಅಳೆಯಿರಿ. ಸಾವಿರ ಸಾವಿರ ಹುಡುಗರನ್ನು ಅಳೆದಾಗ ಒಂದು ಕಾಲೇಜಿನ ಸರಾಸರಿ ಅರ್ಧ ಅಂಗುಲ ಹೆಚ್ಚು ಬಂತೆನ್ನೋಣ. ಆ ವ್ಯತ್ಯಾಸ ನಿಜವೇ. ಆದರೆ ಬಸ್ ನಿಲ್ದಾಣದಲ್ಲಿ ನಿಂತ ಒಬ್ಬ ಹುಡುಗನ ಎತ್ತರ ನೋಡಿ ಅವನು ಯಾವ ಕಾಲೇಜಿನವನೆಂದು ಹೇಳಬಲ್ಲಿರಾ? ಆಗದು. ಎರಡೂ ಕಡೆ ಕುಳ್ಳರಿದ್ದಾರೆ, ಎತ್ತರದವರಿದ್ದಾರೆ.

ಮಿದುಳಿನ ಚಿತ್ರದ ಕಥೆಯೂ ಇದೇ. ಗುಂಪಿನ ಬಗ್ಗೆ ಅದು ಸಂಶೋಧಕರಿಗೆ ಬಹಳ ಹೇಳುತ್ತದೆ. ಹೊಸರಿತ್ತಿಯ ಒಬ್ಬ ಹುಡುಗನಿಗೆ ಬೈಪೋಲಾರ್ ಇದೆಯೇ, ಮುಂದೆ ಬರುತ್ತದೆಯೇ ಎಂದು ಹೇಳಲಾರದು. ಅಣ್ಣನ ಕಾಯಿಲೆಯನ್ನು ಧಾರವಾಡದ ವೈದ್ಯರು ಗುರುತಿಸಿದ್ದು ಯಂತ್ರದಿಂದಲ್ಲ. ಅವನ ಮಾತು, ನಿದ್ದೆ, ನಡತೆ, ಮನೆಯವರು ಹೇಳಿದ ವೃತ್ತಾಂತದಿಂದ. ವೈದ್ಯರು ಕೆಲವೊಮ್ಮೆ ಸ್ಕ್ಯಾನ್ ಬರೆಯುತ್ತಾರೆ. ತಲೆಗೆ ಪೆಟ್ಟು, ಗಡ್ಡೆ, ಪಾರ್ಶ್ವವಾಯು, ಮೂರ್ಛೆರೋಗದಂತಹ ಬೇರೆ ಕಾರಣವಿದೆಯೇ ಎಂದು ನೋಡುವುದಕ್ಕೆ ಅದು. ಅವರು ಬರೆದರೆ ಮಾಡಿಸಿ. ಲಕ್ಷಣವೇ ಇಲ್ಲದ ತಮ್ಮನಿಗೂ ತಂಗಿಗೂ ಭವಿಷ್ಯ ಕೇಳಲು ಮಾಡಿಸಬೇಡಿ.

ರಕ್ತದಾಗ ಐತಿ ಎಂದ ಅಜ್ಜಿ

ಹಾಗಾದರೆ ಅಜ್ಜಿಯ ಮಾತು ತಪ್ಪೇ? ಪೂರ್ತಿ ತಪ್ಪಲ್ಲ. ಈ ಕಾಯಿಲೆಯಲ್ಲಿ ಆನುವಂಶೀಯತೆಯ ಪಾಲು ದೊಡ್ಡದು. ಅದನ್ನು ತಿಳಿಸಿದವರು ಅವಳಿಗಳು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಜೀನುಗಳು ಬಹುಮಟ್ಟಿಗೆ ಒಂದೇ. ಅವರಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಇನ್ನೊಬ್ಬರಿಗೂ ಬರುವ ಸಂಭವ ನೂರಕ್ಕೆ ಸುಮಾರು 40ರಿಂದ 70. ಜೀನುಗಳೇ ಎಲ್ಲವೂ ಆಗಿದ್ದರೆ ಈ ಸಂಖ್ಯೆ 100 ಇರಬೇಕಿತ್ತು. ಜೀನುಗಳು ಏನೂ ಅಲ್ಲದಿದ್ದರೆ ಊರಿನ ಉಳಿದವರಷ್ಟೇ, ಅಂದರೆ 1ರ ಆಸುಪಾಸಿನಲ್ಲಿ ಇರಬೇಕಿತ್ತು. ಎರಡೂ ಆಗಲಿಲ್ಲ.

ನಾವು ಶಾಲೆಯಲ್ಲಿ ಮೆಂಡಲನ ಬಟಾಣಿ ಗಿಡ ಓದಿದ್ದೇವೆ. ಒಂದು ಜೀನ್, ಒಂದು ಗುಣ. ಎತ್ತರ ಅಥವಾ ಗಿಡ್ಡ. ಥಲಸೀಮಿಯಾದಂತಹ ಕೆಲವು ಕಾಯಿಲೆಗಳು ಹಾಗೆಯೇ ನಡೆಯುತ್ತವೆ. ಬೈಪೋಲಾರ್ ಕಾಯಿಲೆಗೂ ಅಂತಹ ಒಂದು ಜೀನ್ ಸಿಗಬಹುದೆಂದು ವಿಜ್ಞಾನಿಗಳು ಬಹಳ ಹುಡುಕಿದರು. 1987ರಲ್ಲಿ ಅಮೆರಿಕದ ಆಮಿಶ್ ಸಮುದಾಯದ ಒಂದು ದೊಡ್ಡ ಮನೆತನವನ್ನು ಪರೀಕ್ಷಿಸಿದವರು, ಕಾಯಿಲೆಯ ಜೀನ್ 11ನೆಯ ವರ್ಣತಂತುವಿನಲ್ಲಿದೆ ಎಂದು ಪ್ರಕಟಿಸಿದರು. ಲೋಕವೆಲ್ಲ ಸುದ್ದಿಯಾಯಿತು. ಆಮೇಲೆ ಅದೇ ಮನೆತನದಲ್ಲಿ ಮೊದಲು ಆರೋಗ್ಯವಾಗಿದ್ದ ಇಬ್ಬರಿಗೆ ಕಾಯಿಲೆ ಬಂತು. ಇನ್ನಷ್ಟು ಬಂಧುಗಳನ್ನೂ ಸೇರಿಸಿ ಲೆಕ್ಕ ಹಾಕಿದರು. 1989ರಲ್ಲಿ ಆ ಸುಳಿವು ಕರಗಿಹೋಯಿತು. ಹೀಗಾಯಿತೆಂದು ಅವರೇ ಪ್ರಕಟಿಸಿದರು ಎಂಬುದನ್ನು ಮರೆಯಬೇಡಿ. ವಿಜ್ಞಾನದ ಮರ್ಯಾದೆ ಉಳಿಯುವುದು ಅದರಿಂದಲೇ.

ಈಗ ತಿಳಿದಿರುವ ಚಿತ್ರ ಬೇರೆ. ನಿಮ್ಮೂರ ವರದಾ ನದಿಯನ್ನು ನೋಡಿ. ಸಾಗರದ ಹತ್ತಿರ ವರದಾಮೂಲದಲ್ಲಿ ಸಣ್ಣದಾಗಿ ಹುಟ್ಟುತ್ತದೆ. ದಾರಿಯಲ್ಲಿ ಹಳ್ಳ, ಕೊಳ್ಳ, ತೊರೆಗಳು ಸೇರುತ್ತಾ ಬರುತ್ತವೆ. ಗಳಗನಾಥದಲ್ಲಿ ಅದು ತುಂಗಭದ್ರೆಯನ್ನು ಕೂಡುತ್ತದೆ. ಮಳೆಗಾಲದಲ್ಲಿ ನದಿ ದಡ ಮೀರಿದರೆ ‘ಈ ಹಳ್ಳದ ತಪ್ಪು’ ಎಂದು ಒಂದನ್ನು ಬೆರಳು ಮಾಡಿ ತೋರಿಸಲು ಬರುತ್ತದೆಯೇ? ನೂರಾರು ಹಳ್ಳಗಳು ಒಂದಿಷ್ಟು ಒಂದಿಷ್ಟು ನೀರು ತಂದವು, ಮೇಲೆ ಮಳೆಯೂ ಜೋರಾಯಿತು.

ಹಾಗೆಯೇ ಈ ಕಾಯಿಲೆಗೆ ನೂರಾರು ಕಡೆಯ ಸಣ್ಣ ಸಣ್ಣ ವ್ಯತ್ಯಾಸಗಳು ಸೇರುತ್ತವೆ. ನಮ್ಮ ಡಿ.ಎನ್.ಎ.ಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ರೋಗಿಗಳ ಅಕ್ಷರಗಳನ್ನೂ ಇತರರ ಅಕ್ಷರಗಳನ್ನೂ ಲಕ್ಷಗಟ್ಟಲೆ ಜಾಗಗಳಲ್ಲಿ ಹೋಲಿಸುವುದು ಇಂದಿನ ವಿಧಾನ. 2019ರ ಅಧ್ಯಯನದಲ್ಲಿ ಇಂತಹ 30 ಜಾಗಗಳು ಸಿಕ್ಕವು. 2021ರಲ್ಲಿ 41,917 ರೋಗಿಗಳನ್ನು ನೋಡಿದಾಗ 64. ಜನವರಿ 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಗಿಗಳ ಸಂಖ್ಯೆ 1,58,036, ಜಾಗಗಳ ಸಂಖ್ಯೆ 298. ನರಕೋಶದೊಳಕ್ಕೆ ಕ್ಯಾಲ್ಸಿಯಂ ಬಿಡುವ ಬಾಗಿಲಿನ ಜೀನೊಂದು ಹೀಗೆ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಆದರೆ ಒಂದೊಂದರ ಪ್ರಭಾವವೂ ಬಹಳ ಸಣ್ಣದು. ಅದೇ ಅಕ್ಷರ ಆರೋಗ್ಯವಂತರಾದ ಕೋಟ್ಯಂತರ ಜನರಲ್ಲೂ ಇದೆ; ನನ್ನಲ್ಲೂ ನಿಮ್ಮಲ್ಲೂ ಅಂಥವು ಕೆಲವು ಇದ್ದೇ ಇವೆ.

ಇವನ್ನೆಲ್ಲ ಕೂಡಿಸಿ ಒಬ್ಬೊಬ್ಬರಿಗೂ ಒಂದು ಅಂಕ ಕೊಡುವ ಲೆಕ್ಕವೂ ಇದೆ. ಅದೂ ಸಂಶೋಧನೆಯ ಸಲಕರಣೆಯೇ ಹೊರತು ಜಾತಕವಲ್ಲ. ಮೇಲಾಗಿ ಆ ಅಂಕದ ಬಹುಪಾಲು ಮಾಹಿತಿ ಯುರೋಪ್ ಮೂಲದವರದು. 2025ರ ಅಧ್ಯಯನದಲ್ಲಿ ಪೂರ್ವ ಏಷ್ಯಾ, ಆಫ್ರಿಕ ಮತ್ತು ಲ್ಯಾಟಿನ್ ಅಮೆರಿಕ ಮೂಲದವರೂ ಇದ್ದರು. ನಮ್ಮವರ ಪ್ರತ್ಯೇಕ ಗುಂಪು ಇರಲಿಲ್ಲ. ಬೇರೆ ಮಣ್ಣಿನಲ್ಲಿ ಅಳೆದ ಇಳುವರಿಯನ್ನು ನಮ್ಮ ಹೊಲಕ್ಕೆ ಹಾಗೆಯೇ ಹಚ್ಚಲಾಗದು ಎಂಬುದು ಬೀಜ ಬಿತ್ತುವ ರಾಣೆಬೆನ್ನೂರಿನವರಿಗೆ ಹೇಳಬೇಕಾಗಿಲ್ಲ.

ನೂರರಲ್ಲಿ ಎಷ್ಟು?

ಹುಡುಗನ ಪ್ರಶ್ನೆಗೆ ಬರೋಣ. ಬೈಪೋಲಾರ್ ಕಾಯಿಲೆ ಇರುವವರ ಒಡಹುಟ್ಟಿದವರು 100 ಜನರನ್ನು ಒಂದೆಡೆ ಕೂರಿಸಿದರೆ ಅವರಲ್ಲಿ ಸುಮಾರು 5ರಿಂದ 10 ಜನರಿಗೆ ಈ ಕಾಯಿಲೆ ಬರಬಹುದು. ಊರಿನ ಉಳಿದವರಿಗಿಂತ ಇದು ಹಲವು ಪಟ್ಟು ಹೆಚ್ಚು. ಖಿನ್ನತೆಯೊಂದೇ ಬರುವ ಸಂಭವವೂ ಇವರಲ್ಲಿ ಸ್ವಲ್ಪ ಹೆಚ್ಚು. ಆದರೆ ಅದೇ ಲೆಕ್ಕವನ್ನು ತಿರುಗಿಸಿ ಓದಿ: 100ರಲ್ಲಿ 90 ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ಬೈಪೋಲಾರ್ ಬರುವುದಿಲ್ಲ. ‘ಹಲವು ಪಟ್ಟು’ ಎಂಬ ಮಾತು ಕೇಳಿ ಹೆದರಿದವರು ‘ನೂರರಲ್ಲಿ ಎಷ್ಟು’ ಎಂದು ಯಾವಾಗಲೂ ಮರಳಿ ಕೇಳಬೇಕು.

ಬೆಂಗಳೂರಿನಲ್ಲಿ ನಡೆಯುತ್ತಿರುವ ಕೆಲಸ

ಸ್ಕ್ಯಾನೂ ಹೇಳದು, ಜೀನೂ ಹೇಳದು ಎಂದಾದರೆ ಈ ಸಂಶೋಧನೆ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ.

1974ರಲ್ಲಿ ರೂಪುಗೊಂಡ ನಿಮ್ಹಾನ್ಸ್, ಜೀವವಿಜ್ಞಾನದ ರಾಷ್ಟ್ರೀಯ ಕೇಂದ್ರವಾದ ಎನ್.ಸಿ.ಬಿ.ಎಸ್. ಮತ್ತು ಆಕರಕೋಶಗಳ ಸಂಸ್ಥೆ ಇನ್‌ಸ್ಟೆಮ್, ಈ ಮೂರೂ ಬೆಂಗಳೂರಿನಲ್ಲಿವೆ. 2016ರ ಸುಮಾರಿಗೆ ಇವು ಕೂಡಿ ಒಂದು ದೀರ್ಘಾವಧಿ ಯೋಜನೆಯನ್ನು ಕೈಗೆತ್ತಿಕೊಂಡವು. ಒಂದೇ ಮನೆಯಲ್ಲಿ ಇಬ್ಬರು ಅಥವಾ ಹೆಚ್ಚು ಜನರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು, ಅವರ ಒಪ್ಪಿಗೆ ಪಡೆದು, ಅಧ್ಯಯನ ಮಾಡುವುದು ಅದರ ಕ್ರಮ. ಬೈಪೋಲಾರ್, ಸ್ಕಿಜೋಫ್ರೇನಿಯಾ, ಗೀಳುರೋಗ, ಮದ್ಯವ್ಯಸನ, ಅಲ್‌ಝೈಮರ್ ಇವು ಅದರಲ್ಲಿ ಸೇರಿವೆ. ಕಾಯಿಲೆ ಇರುವವರನ್ನೂ ಇಲ್ಲದ ಒಡಹುಟ್ಟಿದವರನ್ನೂ ಸ್ಕ್ಯಾನ್ ಮಾಡುತ್ತಾರೆ, ನೆನಪು ಗಮನಗಳನ್ನು ಅಳೆಯುತ್ತಾರೆ, ಡಿ.ಎನ್.ಎ. ಓದುತ್ತಾರೆ, ವರ್ಷಗಳ ಕಾಲ ಜೊತೆಯಲ್ಲಿ ಸಾಗುತ್ತಾರೆ. ಒಂದೇ ಒಲೆಯ ಅನ್ನ ಉಂಡು, ಅರ್ಧ ಜೀನುಗಳನ್ನು ಹಂಚಿಕೊಂಡ ಇಬ್ಬರಲ್ಲಿ ಒಬ್ಬರು ಹೇಗೆ ಪಾರಾದರು? ಆ ಪಾರಾದವರಲ್ಲೂ ಉತ್ತರವಿದೆ.

ಬದುಕಿರುವ ವ್ಯಕ್ತಿಯ ಮಿದುಳಿನಿಂದ ಚೂರು ತೆಗೆಯಲಾಗದು. ಅದಕ್ಕೊಂದು ದಾರಿಯನ್ನು ಜಪಾನಿನ ಶಿನ್ಯಾ ಯಮನಕ ತೋರಿಸಿದರು. ದೊಡ್ಡವರ ಸಾಮಾನ್ಯ ಕೋಶವನ್ನು ಹಿಂದಕ್ಕೆ ನಡೆಸಿ ಆಕರಕೋಶವನ್ನಾಗಿ ಮಾಡುವುದು ಅವರ ವಿಧಾನ. 2006ರಲ್ಲಿ ಇಲಿಯ ಕೋಶದಲ್ಲಿ, 2007ರಲ್ಲಿ ಮನುಷ್ಯರ ಕೋಶದಲ್ಲಿ ಇದು ಸಾಧ್ಯವಾಯಿತು. 2012ರಲ್ಲಿ ನೊಬೆಲ್ ಬಂತು. ಬೆಂಗಳೂರಿನ ಯೋಜನೆಯಲ್ಲಿ ಕುಟುಂಬದವರು ಕೊಟ್ಟ ರಕ್ತದ ಕೋಶಗಳು ಹೀಗೆ ಆಕರಕೋಶಗಳಾಗಿ, ಅವುಗಳಿಂದ ಗಾಜಿನ ತಟ್ಟೆಯಲ್ಲಿ ನರಕೋಶಗಳು ಬೆಳೆಯುತ್ತವೆ. ಅಣ್ಣನ ನರಕೋಶ, ತಮ್ಮನ ನರಕೋಶ ಅಕ್ಕಪಕ್ಕ!

ಕೆಂಪು ಜ್ವಾಲೆಯ ಔಷಧಿ

ರಸಾಯನ ಪ್ರಯೋಗಾಲಯದಲ್ಲಿ ಕಡುಗೆಂಪು ಜ್ವಾಲೆ ಕೊಡುವ ಧಾತು ನಿಮಗೆ ಗೊತ್ತು. ಆವರ್ತ ಕೋಷ್ಟಕದಲ್ಲಿ ಮೂರನೆಯದು, ಲಿಥಿಯಂ. ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್ ಅದರ ಲವಣವನ್ನು ಉನ್ಮಾದದ 10 ರೋಗಿಗಳಿಗೆ ಕೊಟ್ಟು ಗುಣ ಕಂಡು 1949ರಲ್ಲಿ ವರದಿ ಮಾಡಿದರು. ಇಂದಿಗೂ ಅದು ಈ ಕಾಯಿಲೆಯ ಮುಖ್ಯ ಔಷಧಿಗಳಲ್ಲಿ ಒಂದು. ಆತ್ಮಹತ್ಯೆಯ ಸಂಭವವನ್ನೂ ಅದು ತಗ್ಗಿಸುತ್ತದೆ. ಆದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ ಬಹಳ ಚೆನ್ನಾಗಿ ಒಗ್ಗುತ್ತದೆ. ಯಾರಿಗೆ ಒಗ್ಗುತ್ತದೆಂದು ಮೊದಲೇ ಹೇಳಲು ಬಂದರೆ ಎಷ್ಟು ತಿಂಗಳ ನರಳಾಟ ಉಳಿಯುತ್ತದೆ! 2015ರಲ್ಲಿ ಅಮೆರಿಕದ ವಿಜ್ಞಾನಿಗಳು ರೋಗಿಗಳ ಕೋಶಗಳಿಂದ ಬೆಳೆಸಿದ ನರಕೋಶಗಳು ಅತಿಯಾಗಿ ಮಿಡಿಯುವುದನ್ನು ಕಂಡರು. ಲಿಥಿಯಂ ಹಾಕಿದಾಗ, ಆ ಔಷಧಿಯಿಂದ ಗುಣವಾಗಿದ್ದವರ ನರಕೋಶಗಳು ಮಾತ್ರ ಶಾಂತವಾದವು. ಈ ಸಂಶೋಧನೆಯ ಗುರಿ ಈಗ ನಿಮಗೆ ಸ್ಪಷ್ಟವಾಗಿರಬೇಕು. ಭವಿಷ್ಯ ಹೇಳುವುದಲ್ಲ, ಸರಿಯಾದ ಔಷಧಿಯನ್ನು ಸರಿಯಾದವರಿಗೆ ಬೇಗ ಮುಟ್ಟಿಸುವುದು.

ಮನೆಯಲ್ಲಿ ಲಿಥಿಯಂ ತೆಗೆದುಕೊಳ್ಳುವವರಿದ್ದರೆ ಒಂದು ಎಚ್ಚರ. ಔಷಧಿಗೂ ವಿಷಕ್ಕೂ ಇಲ್ಲಿ ಅಂತರ ಕಡಿಮೆ. ಆದ್ದರಿಂದ ರಕ್ತದಲ್ಲಿ ಅದರ ಮಟ್ಟವನ್ನು, ಮೂತ್ರಪಿಂಡ ಮತ್ತು ಥೈರಾಯ್ಡ್ ಗ್ರಂಥಿಗಳನ್ನು ವೈದ್ಯರು ಹೇಳಿದಂತೆ ಪರೀಕ್ಷಿಸುತ್ತಿರಬೇಕು. ಬೇಸಿಗೆಯಲ್ಲಿ ಹೊಲದ ಕೆಲಸ ಮಾಡಿ ಬೆವರಿ ನೀರು ಕುಡಿಯದಿದ್ದರೆ, ವಾಂತಿಭೇದಿಯಾದರೆ, ಉಪ್ಪನ್ನು ಒಮ್ಮೆಗೇ ಬಿಟ್ಟರೆ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ತೂರಾಡುವುದು, ಮಾತು ತೊದಲುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಗುಣವಾಯಿತೆಂದು ತಾವಾಗಿ ಮಾತ್ರೆ ನಿಲ್ಲಿಸುವುದಂತೂ ಬೇಡ.

ಹಾಗಾದರೆ ಮಾಡಬೇಕಾದ್ದೇನು?

ಹೊಸರಿತ್ತಿಯ ಗೆಳೆಯನೇ, ನಿನ್ನ ಪ್ರಶ್ನೆಗಳಿಗೆ ಉತ್ತರ ಹೀಗಿದೆ. ಸ್ಕ್ಯಾನ್ ಬೇಡ. ಮೆಣಸಿನಕಾಯಿಯ ದುಡ್ಡು ಅಣ್ಣನ ಮಾತ್ರೆಗೆ, ಧಾರವಾಡದ ಬಸ್ ಖರ್ಚಿಗೆ, ನಿಮ್ಮಿಬ್ಬರ ಓದಿಗೆ ಇರಲಿ. ಜೀನನ್ನು ಬದಲಿಸಲಾಗದು; ಆದರೆ ವರದೆಗೆ ಸೇರುವ ಹಳ್ಳಗಳಲ್ಲಿ ಕೆಲವಕ್ಕೆ ಒಡ್ಡು ಕಟ್ಟಬಹುದು. ನಿದ್ದೆ ಕೆಡಿಸಿಕೊಳ್ಳಬೇಡ, ಪರೀಕ್ಷೆಯ ಹಿಂದಿನ ದಿನಗಳಲ್ಲೂ ರಾತ್ರಿ ಮಲಗು. ಗಾಂಜಾ, ಮದ್ಯಗಳ ಹತ್ತಿರ ಹೋಗಬೇಡ. ಹಲವು ದಿನ ನಿದ್ದೆಯಿಲ್ಲದೆಯೂ ಹುರುಪು ಏರುತ್ತಿದ್ದರೆ, ಅಥವಾ ಎರಡು ವಾರ ಮಂಕು ಕವಿದೇ ಇದ್ದರೆ, ಬದುಕೇ ಬೇಡವೆನಿಸಿದರೆ, ಮುಚ್ಚಿಡದೆ ಹೇಳು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಮ್ಮ ಜಿಲ್ಲೆಯಲ್ಲೂ ಇದೆ. ಧಾರವಾಡದ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ರೋಗಿಯ ವಿವರ ಗುಟ್ಟಾಗಿ ಉಳಿಯುವ ಹಕ್ಕನ್ನು ಕೊಟ್ಟಿದೆ. ಊರಿನವರ ಬಾಯಿಗೆ ಹೆದರಿ ಚಿಕಿತ್ಸೆ ತಪ್ಪಿಸುವ ಕಾರಣವಿಲ್ಲ.

ಅಜ್ಜಿಗೂ ಒಂದು ಮಾತು ಹೇಳು. ಅವಳ ತಮ್ಮನ ಕಾಲದಲ್ಲಿ ಇಷ್ಟು ಔಷಧಿಯೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ರಕ್ತದಲ್ಲಿ ಬಂದದ್ದು ಒಂದು ಸಾಧ್ಯತೆ ಅಷ್ಟೇ. ಅಣ್ಣನ ಪಕ್ಕದಲ್ಲಿ ಈಗ ವೈದ್ಯರಿದ್ದಾರೆ, ನೀನಿದ್ದೀಯ.

ಮುಂದೆ ಓದಬೇಕೇ ಎಂದು ಕೇಳಿದ್ದೀಯ. ಓದು. ಅಣ್ಣ ತಮ್ಮಂದಿರ ನರಕೋಶಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಇನ್ನೂ ಬಹಳ ಬಾಕಿಯಿದೆ, ಅದಕ್ಕೆ ವಿಜ್ಞಾನ ಓದಿದವರೇ ಬೇಕು. ನಾನೂ ಮುಂದಿನ ಕಾರ್ಯಕ್ರಮದಲ್ಲಿ ಆ ಎರಡು ಚಿತ್ರಗಳನ್ನು ಮತ್ತೆ ತೋರಿಸುತ್ತೇನೆ. ಈ ಬಾರಿ ಅವುಗಳ ಕೆಳಗೆ ‘ಇದು ಸರಾಸರಿ, ನಿಮ್ಮ ಮಿದುಳಲ್ಲ’ ಎಂದು ಬರೆದಿರುತ್ತದೆ.